ಗೇರ್‌ಬಾಕ್ಸ್ ಬಿಚ್ಚುವ ಮೊದಲು ಬ್ರೇಕ್ ಲೈಟ್ ನೋಡಿ

ಪ್ರಶ್ನೆ: ನಮ್ಮದು ಎಂಟು ವರ್ಷ ಹಳೆಯ ಪೆಟ್ರೋಲ್ ಕಾರು. ಆರು ಗೇರಿನ ಟಾರ್ಕ್ ಕನ್ವರ್ಟರ್ ಆಟೊಮ್ಯಾಟಿಕ್, ಬಟನ್ ಸ್ಟಾರ್ಟ್. ಮನೆ ಮಡಿಕೇರಿಯಲ್ಲಿ, ಅಂಗಳ ಇಳಿಜಾರು. ಎರಡು ತಿಂಗಳಿಂದ ಬೆಳಗಿನ ಹೊತ್ತು ಗೇರ್ ಲಿವರ್ ‘ಪಿ’ಯಿಂದ (ಪಾರ್ಕ್) ಹೊರಗೆ ಬರುವುದಿಲ್ಲ. ಬ್ರೇಕನ್ನು ನಾಲ್ಕೈದು ಸಲ ಬಲವಾಗಿ ತುಳಿದರೆ ಒಮ್ಮೊಮ್ಮೆ ಬರುತ್ತದೆ. ಕೆಲವು ದಿನ ‘ದಡ್’ ಎಂಬ ಸದ್ದಿನೊಂದಿಗೆ ಬರುತ್ತದೆ. ಸ್ಟಾರ್ಟ್ ಬಟನ್ ಒತ್ತಿದರೂ ಮೊದಲ ಸಲ ಡ್ಯಾಶ್‌ಬೋರ್ಡಿನ ದೀಪ ಮಾತ್ರ ಹತ್ತುವುದುಂಟು, ಅದು ಬೇರೆ ವಿಷಯ ಇರಬಹುದು. ಊರಿನ ಮೆಕ್ಯಾನಿಕ್ ಗೇರ್ ಆಯಿಲ್ ಬದಲಿಸಿದರು. ಪ್ರಯೋಜನವಾಗದೆ ಈಗ ಗೇರ್‌ಬಾಕ್ಸ್ ಬಿಚ್ಚಬೇಕು ಎನ್ನುತ್ತಾರೆ. ಸರ್ವಿಸ್ ಸೆಂಟರಿನವರು ಲಿವರ್ ಅಸೆಂಬ್ಲಿಯನ್ನೇ ಪೂರ್ತಿ ಬದಲಿಸಬೇಕು ಎಂದಿದ್ದಾರೆ. ಯಾರ ಮಾತು ಕೇಳಲಿ?

ಉತ್ತರ: ಸದ್ಯಕ್ಕೆ ಎರಡೂ ಮಾತನ್ನು ಬದಿಗಿಡಿ. ‘ಅದು ಬೇರೆ ವಿಷಯ ಇರಬಹುದು’ ಎಂದು ನೀವೇ ತಳ್ಳಿಹಾಕಿದ ಸಾಲಿನಲ್ಲಿ ಅರ್ಧ ಉತ್ತರವಿದೆ. ಬಟನ್ ಸ್ಟಾರ್ಟ್ ಇರುವ ಆಟೊಮ್ಯಾಟಿಕ್ ಕಾರಿನಲ್ಲಿ, ಚಾಲಕ ಬ್ರೇಕ್ ತುಳಿದಿದ್ದಾನೆ ಎಂಬ ಸುದ್ದಿ ಕಾರಿನ ಕಂಪ್ಯೂಟರಿಗೆ ತಲುಪಿದರೆ ಮಾತ್ರ ಎಂಜಿನ್ ತಿರುಗುತ್ತದೆ; ತಲುಪದಿದ್ದರೆ ನೀವು ಹೇಳಿದ ಹಾಗೆ ಡ್ಯಾಶ್‌ಬೋರ್ಡಿನ ದೀಪಗಳಷ್ಟೇ ಹತ್ತುತ್ತವೆ. ಲಿವರ್ ‘ಪಿ’ಯಿಂದ ಬಿಡಿಸಿಕೊಳ್ಳುವುದಕ್ಕೂ ಬೇಕಾದದ್ದು ಅದೇ ಸುದ್ದಿ. ಒಂದೇ ಸುದ್ದಿಗಾಗಿ ಕಾಯುವ ಎರಡು ಕೆಲಸಗಳು ಒಂದೇ ಕಾಲಕ್ಕೆ ತಡವರಿಸತೊಡಗಿದರೆ, ಸುದ್ದಿ ಹೊರಡುವ ಜಾಗವನ್ನು ಮೊದಲು ನೋಡಬೇಕು. ಆ ಜಾಗ ಗೇರ್‌ಬಾಕ್ಸಿನಲ್ಲಿಲ್ಲ, ಲಿವರಿನ ಕೆಳಗೂ ಇಲ್ಲ. ಬ್ರೇಕ್ ಪೆಡಲಿನ ತೋಳಿಗೆ ತಾಗಿಕೊಂಡು ಕೂತಿರುವ, ಹೆಬ್ಬೆರಳು ಗಾತ್ರದ ಒಂದು ಪ್ಲಾಸ್ಟಿಕ್ ಸ್ವಿಚ್ಚಿನಲ್ಲಿದೆ.

ಬ್ರೇಕ್ ತುಳಿಯದೆ ಲಿವರ್ ‘ಪಿ’ಯಿಂದ ಬಾರದಂತೆ ತಡೆಯುವ ಶಿಫ್ಟ್ ಲಾಕ್ ಎಂಬ ಏರ್ಪಾಡು ಸರಳವಾದದ್ದು. ಲಿವರಿನ ಬುಡದಲ್ಲಿ ಸೊಲೆನಾಯ್ಡ್, ಅಂದರೆ ವಿದ್ಯುತ್ ಹರಿದಾಗ ಒಳಗಿನ ಕಡ್ಡಿಯನ್ನು ಎಳೆದುಕೊಳ್ಳುವ ಚಿಕ್ಕ ಸುರುಳಿ ಇರುತ್ತದೆ. ಲಿವರ್ ‘ಪಿ’ಯಲ್ಲಿದ್ದಾಗ ಆ ಕಡ್ಡಿ ಅಗುಳಿಯ ಹಾಗೆ ಅಡ್ಡ ನಿಂತಿರುತ್ತದೆ. ಇಗ್ನಿಷನ್ ಆನ್ ಆಗಿದ್ದು ನೀವು ಬ್ರೇಕ್ ತುಳಿದ ಕ್ಷಣ ಸೊಲೆನಾಯ್ಡಿಗೆ 12 ವೋಲ್ಟ್ ಹೋಗಿ, ‘ಟಿಕ್’ ಎಂದು ಅಗುಳಿ ಸರಿಯುತ್ತದೆ. ಆಗ ಲಿವರಿನ ಬದಿಯ ಗುಂಡಿ ಒಳಗೆ ಹೋಗಿ ಲಿವರ್ ಹಿಂದಕ್ಕೆ ಬರುತ್ತದೆ. ಈ ಸರಪಳಿಯಲ್ಲಿ ಇರುವುದು ಫ್ಯೂಸ್, ಬ್ರೇಕ್ ಸ್ವಿಚ್, ವೈರಿಂಗ್, ಹೊಸ ಕಾರುಗಳಲ್ಲಿ ನಡುವೆ ಒಂದು ಕಂಟ್ರೋಲ್ ಯೂನಿಟ್, ಕೊನೆಗೆ ಸೊಲೆನಾಯ್ಡ್. ಗೇರ್‌ಬಾಕ್ಸಿನ ಒಳಗಿನ ಕ್ಲಚ್‌ಗಳಿಗಾಗಲಿ, ಎಣ್ಣೆಯ ಹರಿವನ್ನು ನಿಯಂತ್ರಿಸುವ ವಾಲ್ವ್ ಬಾಡಿಗಾಗಲಿ, ಎಣ್ಣೆಗಾಗಲಿ ಇದರಲ್ಲಿ ಪಾತ್ರವೇ ಇಲ್ಲ. ಎಣ್ಣೆ ಬದಲಿಸಿದರೂ ಪ್ರಯೋಜನವಾಗದಿದ್ದುದರಲ್ಲಿ ಆಶ್ಚರ್ಯವೇನೂ ಇಲ್ಲ.

ಆದರೆ ನಿಮ್ಮ ವಿವರಣೆಯಲ್ಲಿ ಇನ್ನೊಂದು ತೊಂದರೆಯೂ ಬೆರೆತುಕೊಂಡಿದೆ ಎಂದು ನನಗೆ ಅನಿಸುತ್ತದೆ. ‘ದಡ್’ ಎಂಬ ಆ ಸದ್ದು ಶಿಫ್ಟ್ ಲಾಕಿನದಲ್ಲ, ನಿಮ್ಮ ಅಂಗಳದ್ದು. ‘ಪಿ’ಗೆ ಹಾಕಿದಾಗ ಗೇರ್‌ಬಾಕ್ಸಿನ ಒಳಗೆ ಪಾರ್ಕಿಂಗ್ ಪಾಲ್ ಎಂಬ ಉಕ್ಕಿನ ಕೊಕ್ಕೆಯೊಂದು ಹಲ್ಲುಚಕ್ರದ ಸಂದಿಗೆ ಬಿದ್ದು, ಚಕ್ರಗಳಿಗೆ ಹೋಗುವ ಶಾಫ್ಟನ್ನು ಹಿಡಿದಿಡುತ್ತದೆ. ಇಳಿಜಾರಿನಲ್ಲಿ ಹ್ಯಾಂಡ್ ಬ್ರೇಕ್ ಎಳೆಯುವ ಮುಂಚೆಯೇ ‘ಪಿ’ಗೆ ಹಾಕಿ ಕಾಲು ತೆಗೆದರೆ ಕಾರು ಒಂದಿಷ್ಟು ಜಾರಿ, ತನ್ನ ಭಾರವನ್ನು ಆ ಬೆರಳುದ್ದದ ಕೊಕ್ಕೆಯ ಮೇಲೆ ಹೇರಿ ನಿಲ್ಲುತ್ತದೆ. ಬೆಳಿಗ್ಗೆ ನೀವು ಲಿವರ್ ಎಳೆಯುವಾಗ ಕಾರಿನ ಭಾರದ ಅಡಿ ಸಿಕ್ಕಿಕೊಂಡ ಕೊಕ್ಕೆಯನ್ನು ಬಿಡಿಸುತ್ತಿರುತ್ತೀರಿ. ಬಿಡುವ ಸದ್ದೇ ಆ ‘ದಡ್’.

ಈ ಎರಡನ್ನೂ ಬೇರ್ಪಡಿಸಲು ಯಾವ ಉಪಕರಣವೂ ಬೇಡ, ನಿಮ್ಮ ಹೆಬ್ಬೆರಳು ಸಾಕು. ಲಿವರ್ ಬಾರದ ದಿನ ಬದಿಯ ಗುಂಡಿಯನ್ನು ಒತ್ತಿ ನೋಡಿ. ಗುಂಡಿಯೇ ಒಳಗೆ ಹೋಗದೆ ಕಲ್ಲಿನ ಹಾಗೆ ನಿಂತಿದ್ದರೆ ಅಗುಳಿ ಸರಿದಿಲ್ಲ, ಅದು ಶಿಫ್ಟ್ ಲಾಕ್. ಗುಂಡಿ ಸಲೀಸಾಗಿ ಒಳಗೆ ಹೋಗಿ, ಲಿವರ್ ಮಾತ್ರ ಬಿಗಿಯಾಗಿದ್ದು, ಬಲ ಹಾಕಿದಾಗ ಸದ್ದಿನೊಂದಿಗೆ ಬಂದರೆ ಅದು ಕೊಕ್ಕೆಯ ಮೇಲಿನ ಭಾರ. ಗುಂಡಿಯೇ ಇಲ್ಲದ, ಅಂಕುಡೊಂಕು ಸೀಳಿನಲ್ಲಿ ಚಲಿಸುವ ಲಿವರುಗಳಲ್ಲಿ ಈ ಪರೀಕ್ಷೆ ನಡೆಯುವುದಿಲ್ಲ. ಅಂಥವರು ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಅಲ್ಲಿಯೂ ಲಿವರ್ ಸಿಕ್ಕಿಕೊಳ್ಳುತ್ತದೆಯೇ ಎಂದು ನೋಡಬೇಕು. ಭಾರದ ತೊಂದರೆಗೆ ರಿಪೇರಿ ಇಲ್ಲ, ನಿಲ್ಲಿಸುವ ಕ್ರಮ ಬದಲಿಸಿದರೆ ಸಾಕು: ಕಾಲಿನ ಬ್ರೇಕಿನಲ್ಲಿ ಕಾರನ್ನು ಹಿಡಿದಿರುವಾಗಲೇ ‘ಎನ್’ಗೆ (ನ್ಯೂಟ್ರಲ್) ಹಾಕಿ, ಹ್ಯಾಂಡ್ ಬ್ರೇಕ್ ಪೂರ್ತಿ ಎಳೆದು, ಕಾಲನ್ನು ನಿಧಾನವಾಗಿ ಸಡಿಲಿಸಿ ಕಾರು ಹ್ಯಾಂಡ್ ಬ್ರೇಕಿನ ಮೇಲೆ ಕೂತಿತೆಂದು ಖಚಿತಪಡಿಸಿಕೊಂಡ ಮೇಲೆ, ಮತ್ತೆ ಬ್ರೇಕ್ ತುಳಿದು ‘ಪಿ’ಗೆ ಹಾಕಿ. ಬೆಳಿಗ್ಗೆ ಹೊರಡುವಾಗ ಕ್ರಮ ತಿರುಗುಮುರುಗು. ಮೊದಲು ‘ಪಿ’ಯಿಂದ ತೆಗೆದು, ಆಮೇಲೆ ಹ್ಯಾಂಡ್ ಬ್ರೇಕ್ ಇಳಿಸಿ.

ಇನ್ನು ಶಿಫ್ಟ್ ಲಾಕಿನ ಕಡೆಗೆ ಬರೋಣ. ಇಲ್ಲಿ ಮೊದಲ ಸಾಕ್ಷಿ ಬ್ರೇಕ್ ಲೈಟ್. ಸಂಜೆ ಕತ್ತಲಾದ ಮೇಲೆ ಕಾರಿನ ಹಿಂಭಾಗ ಗೋಡೆಗೆ ಎದುರಾಗುವಂತೆ ನಿಲ್ಲಿಸಿ, ಕನ್ನಡಿಯಲ್ಲಿ ಗೋಡೆಯನ್ನು ನೋಡುತ್ತಾ ಪೆಡಲನ್ನು ಬಹಳ ನಿಧಾನವಾಗಿ ಒತ್ತುತ್ತಾ ಹೋಗಿ. ಸರಿಯಾಗಿರುವ ಕಾರಿನಲ್ಲಿ ಪೆಡಲ್ ಒಂದೆರಡು ಸೆಂಟಿಮೀಟರ್ ಇಳಿಯುವಷ್ಟರಲ್ಲಿ ಗೋಡೆ ಕೆಂಪಾಗುತ್ತದೆ. ನಿಮ್ಮ ಕಾರಿನಲ್ಲಿ ಪೆಡಲ್ ಬಹಳ ಕೆಳಗೆ ಹೋದ ಮೇಲೆ ಹತ್ತಿದರೆ, ಅಥವಾ ಹತ್ತಿ ಮಿಣುಕಿದರೆ, ಅಥವಾ ಹತ್ತು ಸಲದಲ್ಲಿ ಎರಡು ಸಲ ಹತ್ತದೇ ಹೋದರೆ, ತಪ್ಪಿತಸ್ಥ ಬಹುಮಟ್ಟಿಗೆ ಸಿಕ್ಕಿದ ಹಾಗೆಯೇ. ಬಲವಾಗಿ ತುಳಿದಾಗ ಮಾತ್ರ ಲಿವರ್ ಬರುತ್ತದೆ ಎಂಬ ನಿಮ್ಮ ಅನುಭವವೂ ಅದನ್ನೇ ಹೇಳುತ್ತದೆ. ಅಂದ ಹಾಗೆ, ಬ್ರೇಕ್ ಲೈಟ್ ಹತ್ತದಿರುವುದು ಲಿವರ್ ಬಾರದಿರುವುದಕ್ಕಿಂತ ದೊಡ್ಡ ಅಪಾಯ. ಮಡಿಕೇರಿಯ ಮಂಜಿನಲ್ಲಿ ನಿಮ್ಮ ಹಿಂದೆ ಬರುವ ಬಸ್ಸಿನವನಿಗೆ ನೀವು ನಿಲ್ಲಿಸುತ್ತಿದ್ದೀರಿ ಎಂದು ತಿಳಿಸುವುದು ಆ ಕೆಂಪು ದೀಪ ಒಂದೇ. ದೀಪ ಸರಿಯಾಗುವವರೆಗೆ ಕಾರನ್ನು ರಸ್ತೆಗಿಳಿಸಬೇಡಿ.

ಒಂದು ಎಚ್ಚರಿಕೆ. ಎಂಜಿನ್ ಆಫ್ ಇರುವಾಗ ಪೆಡಲನ್ನು ಮೂರ್ನಾಲ್ಕು ಸಲ ತುಳಿದರೆ ಬ್ರೇಕ್ ತುಳಿಯಲು ನೆರವಾಗುವ ಬೂಸ್ಟರಿನಲ್ಲಿ ಉಳಿದಿದ್ದ ನಿರ್ವಾತ ಖಾಲಿಯಾಗಿ ಪೆಡಲ್ ಗಟ್ಟಿಯಾಗುತ್ತದೆ. ಆಮೇಲೆ ಎಂದಿನ ಬಲದಲ್ಲಿ ಒತ್ತಿದರೆ ಪೆಡಲ್ ಸಾಕಷ್ಟು ಇಳಿಯುವುದಿಲ್ಲ. ಸ್ವಿಚ್ ಅಂಚಿನಲ್ಲಿದ್ದರೆ ಸುದ್ದಿ ಹೋಗುವುದಿಲ್ಲ. ರಾತ್ರಿಯಿಡೀ ನಿಂತ ಕಾರಿನಲ್ಲಿಯೂ ಇದು ಆಗಬಹುದು. ಬೆಳಿಗ್ಗೆಯೇ ತೊಂದರೆ ಹೆಚ್ಚು ಎಂಬುದಕ್ಕೆ ಇದೂ ಒಂದು ಕಾರಣ ಇರಬಹುದು. ಪೆಡಲಿನ ಅಡಿಯಲ್ಲಿ ದಪ್ಪನೆಯ ಹೊಸ ಮ್ಯಾಟ್ ಮಡಿಚಿಕೊಂಡು ಅಡ್ಡ ಬಂದಿದೆಯೇ ಎಂದು ಒಮ್ಮೆ ನೋಡಿಬಿಡಿ. ನಗುವ ವಿಷಯದಂತೆ ಕಂಡರೂ ನಾನು ಎರಡು ಸಲ ಇದೇ ಕಾರಣಕ್ಕೆ ಬಾನೆಟ್ ಎತ್ತಿ ಕೂತಿದ್ದೇನೆ.

ಸ್ವಿಚ್ಚನ್ನು ಕಣ್ಣಾರೆ ನೋಡಬೇಕಾದರೆ ಚಾಲಕನ ಸೀಟನ್ನು ಪೂರ್ತಿ ಹಿಂದೆ ತಳ್ಳಿ, ಮೊಬೈಲಿನ ಟಾರ್ಚ್ ಹಿಡಿದು, ಸ್ಟಿಯರಿಂಗಿನ ಕೆಳಗೆ ತಲೆ ಹಾಕಿ ಅಂಗಾತ ಮಲಗಬೇಕು. ಪೆಡಲಿನ ತೋಳು ಮೇಲೆ ಹೋಗಿ ಸೇರುವ ಕಡೆ ಎರಡು ಅಥವಾ ನಾಲ್ಕು ವೈರುಗಳ ಪ್ಲಗ್ ಸಿಕ್ಕಿಸಿದ ಸ್ವಿಚ್ ಕಾಣುತ್ತದೆ. ಕಾಲು ತೆಗೆದಾಗ ತೋಳು ಅದರ ಮೂತಿಯ ಚಿಕ್ಕ ಕಡ್ಡಿಯನ್ನು ಒಳಗೆ ಒತ್ತಿ ಹಿಡಿದಿರುತ್ತದೆ. ತುಳಿದಾಗ ತೋಳು ದೂರ ಸರಿದು, ಕಡ್ಡಿ ಹೊರಗೆ ಚಿಮ್ಮಿ, ಒಳಗಿನ ಸಂಪರ್ಕ ಕೂಡಿಕೊಳ್ಳುತ್ತದೆ. ಕೈಯಿಂದ ಪೆಡಲನ್ನು ಒತ್ತುತ್ತಾ ಬಿಡುತ್ತಾ ನೋಡಿ. ಕಡ್ಡಿ ಪ್ರತಿ ಸಲವೂ ಚುರುಕಾಗಿ ಹೊರಬರಬೇಕು. ಧೂಳು ಮತ್ತು ಗ್ರೀಸ್ ಸೇರಿ ಅಂಟಾಗಿ, ಕಡ್ಡಿ ಸೋಮಾರಿಯ ಹಾಗೆ ತಡೆತಡೆದು ಬರುತ್ತಿದ್ದರೆ ಸ್ವಿಚ್ ಬದಲಿಸುವುದೇ ಸರಿ. ಬೆಲೆ ಸಾಮಾನ್ಯವಾಗಿ ಕೆಲವು ನೂರು ರೂಪಾಯಿಗಳಲ್ಲಿ ಮುಗಿಯುತ್ತದೆ.

ಅಲ್ಲಿ ಮಲಗಿರುವಾಗಲೇ ಮ್ಯಾಟಿನ ಮೇಲೆ ಪ್ಲಾಸ್ಟಿಕ್ ಅಥವಾ ರಬ್ಬರಿನ ಚೂರುಗಳು ಬಿದ್ದಿವೆಯೇ ಎಂದು ಕಣ್ಣಾಡಿಸಿ. ಕಡ್ಡಿ ತಾಗುವ ಜಾಗದಲ್ಲಿ ಪೆಡಲಿನ ತೋಳಿಗೆ ಒಂದು ರಂಧ್ರವಿದ್ದು, ಅದಕ್ಕೆ ಅಂಗಿ ಗುಂಡಿಯಷ್ಟು ದೊಡ್ಡದಾದ ಪ್ಲಾಸ್ಟಿಕ್ ಅಥವಾ ರಬ್ಬರ್ ಬಿರಡೆ ಸಿಕ್ಕಿಸಿರುವ ಕಾರುಗಳು ಬಹಳ ಇವೆ. ಏಳೆಂಟು ವರ್ಷಕ್ಕೆ ಆ ಬಿರಡೆ ಒಣಗಿ, ಹಳೆಯ ಬೆಲ್ಲದಚ್ಚಿನ ಹಾಗೆ ಪುಡಿಯಾಗಿ ಉದುರುತ್ತದೆ. ಬಿರಡೆ ಹೋದರೆ ಕಡ್ಡಿ ರಂಧ್ರದೊಳಗೆ ತೂರಿಕೊಂಡು, ಕಾರಿನ ಲೆಕ್ಕದಲ್ಲಿ ನೀವು ಹಗಲು ರಾತ್ರಿ ಬ್ರೇಕ್ ತುಳಿದೇ ಇರುತ್ತೀರಿ: ಹಿಂದಿನ ದೀಪ ಆರುವುದಿಲ್ಲ, ಬೆಳಗಾಗುವುದರೊಳಗೆ ಬ್ಯಾಟರಿ ಇಳಿದಿರುತ್ತದೆ, ಕ್ರೂಸ್ ಕಂಟ್ರೋಲ್ ಕೆಲಸ ಮಾಡುವುದಿಲ್ಲ, ಲಿವರ್ ಮಾತ್ರ ಬ್ರೇಕ್ ಮುಟ್ಟದೆಯೂ ‘ಪಿ’ಯಿಂದ ಹೊರಬರುತ್ತದೆ. ಇದು ನಿಮ್ಮ ತೊಂದರೆಗೆ ವಿರುದ್ಧವಾದದ್ದು, ಆದರೂ ಹೇಳಿದೆ. ಏಕೆಂದರೆ ಹೀಗೆ ಸಲೀಸಾಗಿ ಬರುವ ಲಿವರನ್ನು ಯಾರೂ ದೋಷ ಎಂದು ಗುರುತಿಸುವುದಿಲ್ಲ, ಬ್ಯಾಟರಿಯನ್ನು ಮಾತ್ರ ಎರಡೆರಡು ಸಲ ಬದಲಿಸುತ್ತಾರೆ.

ಬ್ರೇಕ್ ಲೈಟುಗಳು ಹತ್ತುವುದೇ ಇಲ್ಲ ಎಂದಾದರೆ ಫ್ಯೂಸ್ ನೋಡಬೇಕು. ಶಿಫ್ಟ್ ಲಾಕಿಗೆ ಬೇರೆಯದೇ ಫ್ಯೂಸ್ ಇರುವ ಕಾರುಗಳೂ ಇವೆ, ಇನ್ನೊಂದು ಉಪಕರಣದ ಜೊತೆ ಹಂಚಿಕೊಂಡಿರುವ ಕಾರುಗಳೂ ಇವೆ. ಫ್ಯೂಸ್ ಪೆಟ್ಟಿಗೆಯ ಮುಚ್ಚಳದ ಚಿತ್ರವನ್ನು ನಂಬಿ, ಊಹೆಯನ್ನು ನಂಬಬೇಡಿ. ಸುಟ್ಟ ಫ್ಯೂಸಿನ ಜಾಗಕ್ಕೆ ಹೆಚ್ಚು ಆಂಪಿಯರಿನದನ್ನು ಹಾಕುವುದು ವೈರಿಂಗಿಗೆ ಬೆಂಕಿ ಇಟ್ಟ ಹಾಗೆ.

ಮಲ್ಟಿಮೀಟರ್ ಬಳಸಬಲ್ಲ ಎಲೆಕ್ಟ್ರಿಷಿಯನ್ ಸಿಕ್ಕಿದರೆ ಅಳತೆಯನ್ನು ಸ್ವಿಚ್ಚಿನಿಂದಲೇ ಆರಂಭಿಸಲು ಹೇಳಿ. ಹೆಚ್ಚಿನ ಕಾರುಗಳಲ್ಲಿ ಸ್ವಿಚ್ಚಿನ ಒಂದು ವೈರಿನಲ್ಲಿ ಸದಾ ಬ್ಯಾಟರಿಯ ವೋಲ್ಟೇಜ್ ಇರುತ್ತದೆ, ಇನ್ನೊಂದರಲ್ಲಿ ತುಳಿದಾಗ ಮಾತ್ರ ಬರುತ್ತದೆ. ಒಳಗೆ ಬರುವುದು 12.5 ಇದ್ದು ಹೊರಗೆ ಹೋಗುವುದು 10ರ ಆಸುಪಾಸಿನಲ್ಲಿದ್ದರೆ ಒಳಗಿನ ಸಂಪರ್ಕ ಸುಟ್ಟು ಕಪ್ಪಾಗಿದೆ ಎಂದರ್ಥ. ತಲಾ 21 ವ್ಯಾಟಿನ ಮೂರು ಬಲ್ಬುಗಳಿದ್ದರೆ ಪ್ರತಿ ಸಲ ತುಳಿದಾಗಲೂ ಸುಮಾರು 5 ಆಂಪಿಯರ್ ಆ ಪುಟ್ಟ ಸಂಪರ್ಕವನ್ನು ದಾಟಬೇಕು. ಘಟ್ಟದ ತಿರುವುಗಳಲ್ಲಿ ಎಂಟು ವರ್ಷ ಓಡಿದ ಕಾರಿನ ಸ್ವಿಚ್ ಎಷ್ಟು ಲಕ್ಷ ಸಲ ಕಿಡಿ ಹಾರಿಸಿರಬೇಕು ಎಂದು ನೀವೇ ಲೆಕ್ಕ ಹಾಕಿ. ನಾಲ್ಕು ವೈರಿನ ಸ್ವಿಚ್ಚಿನಲ್ಲಿ ಎರಡು ಸಂಪರ್ಕಗಳಿರುತ್ತವೆ, ಒಂದು ದೀಪಕ್ಕೆ, ಇನ್ನೊಂದು ಕಂಪ್ಯೂಟರಿಗೆ. ದೀಪ ಚೆನ್ನಾಗಿ ಹತ್ತಿದ ಮಾತ್ರಕ್ಕೆ ಎರಡನೆಯದು ಸರಿಯಿದೆ ಎಂದು ತೀರ್ಮಾನಿಸಬಾರದು. ಕಾರಿನ ಕಂಪ್ಯೂಟರಿನ ಮಾಹಿತಿ ಓದುವ ಸ್ಕ್ಯಾನರ್ ಹಾಕಿ ಲೈವ್ ಡೇಟಾದಲ್ಲಿ ಎರಡೂ ಬ್ರೇಕ್ ಸಂಕೇತಗಳು ಒಟ್ಟಿಗೆ ಬದಲಾಗುತ್ತವೆಯೇ ಎಂದು ನೋಡುವುದೇ ಇದಕ್ಕೆ ಸರಿಯಾದ ದಾರಿ. ಹೊಸ ಸ್ವಿಚ್ ಹಾಕುವಾಗಲೂ ಒಂದು ಸೂಕ್ಷ್ಮವಿದೆ: ಕೆಲವು ಸ್ವಿಚ್ಚುಗಳು ಕೂರಿಸುವಾಗ ಒಂದೇ ಒಂದು ಸಲ ತಮ್ಮನ್ನು ತಾವೇ ಹೊಂದಿಸಿಕೊಳ್ಳುತ್ತವೆ. ಅಂಥದ್ದನ್ನು ಪರೀಕ್ಷೆಗೆಂದು ತೆಗೆದು ಮತ್ತೆ ಸಿಕ್ಕಿಸಿದರೆ ಹೊಸ ತೊಂದರೆ ಶುರುವಾಗುತ್ತದೆ.

ಸ್ವಿಚ್ ನಿರ್ದೋಷಿ ಎಂದು ಸಾಬೀತಾದರೆ ಮಾತ್ರ ಲಿವರಿನ ಬುಡಕ್ಕೆ ಬರಬೇಕು. ಬ್ರೇಕ್ ಮುಟ್ಟದೆ ಸ್ಟಾರ್ಟ್ ಬಟನನ್ನು ಎರಡು ಸಲ ಒತ್ತಿದರೆ ಬಹುತೇಕ ಕಾರುಗಳಲ್ಲಿ ಎಂಜಿನ್ ತಿರುಗದೆ ಇಗ್ನಿಷನ್ ಆನ್ ಆಗುತ್ತದೆ. ಎಸಿ, ರೇಡಿಯೊ ಆಫ್ ಮಾಡಿ, ಕಿಟಕಿ ಮುಚ್ಚಿ, ಲಿವರಿನ ಹತ್ತಿರ ಕಿವಿ ಇಟ್ಟು ಬ್ರೇಕ್ ತುಳಿಯಿರಿ. ‘ಟಿಕ್’ ಕೇಳಿಸಿಯೂ ಗುಂಡಿ ಒಳಗೆ ಹೋಗದಿದ್ದರೆ ವಿದ್ಯುತ್ ತಲುಪಿದೆ, ಅಗುಳಿಯ ಯಾಂತ್ರಿಕ ಭಾಗ ಕೈಕೊಟ್ಟಿದೆ: ಪ್ಲಾಸ್ಟಿಕ್ ತುಂಡಾಗಿರಬಹುದು, ಗುಂಡಿಯಿಂದ ಕೆಳಗಿಳಿಯುವ ಕಡ್ಡಿ ಮುರಿದಿರಬಹುದು, ಏನಾದರೂ ಸಿಕ್ಕಿಕೊಂಡಿರಬಹುದು. ಫಾಸ್ಟ್ಯಾಗ್ ಬರುವ ಮುಂಚಿನ ಕಾಲದಲ್ಲಿ ಟೋಲಿಗೆಂದು ಲಿವರಿನ ಪಕ್ಕ ಇಟ್ಟುಕೊಂಡ ಚಿಲ್ಲರೆ ಒಳಗೆ ಬಿದ್ದು ಅಗುಳಿಗೆ ಅಡ್ಡ ನಿಂತದ್ದನ್ನು ಹೊರತೆಗೆದಿದ್ದೇನೆ. ಅದಕ್ಕಿಂತ ಹೆಚ್ಚಾಗಿ ಕಂಡದ್ದು ಚೆಲ್ಲಿದ ಕಾಫಿ. ಸಕ್ಕರೆ ಒಣಗಿ ಗೋಂದಿನಂತಾಗಿ ಸೊಲೆನಾಯ್ಡಿನ ಕಡ್ಡಿಯನ್ನು ಹಿಡಿದುಕೊಳ್ಳುತ್ತದೆ. ಬಿಸಿಲಿಗೆ ಸ್ವಲ್ಪ ಮೆತ್ತಗಾಗಿ ಮಧ್ಯಾಹ್ನ ಬಿಡುತ್ತದೆ, ಚಳಿಗೆ ಗಟ್ಟಿಯಾಗಿ ಬೆಳಿಗ್ಗೆ ಹಿಡಿಯುತ್ತದೆ. ಕೊಡಗಿನವರಿಗೆ ಕಾಫಿಯ ಬಗ್ಗೆ ಹೇಳುವುದು ಸರಿಯಲ್ಲ, ಆದರೆ ಕಪ್ ಹೋಲ್ಡರನ್ನು ಲಿವರಿನ ಪಕ್ಕದಲ್ಲೇ ಇಟ್ಟವರಿಗೆ ಮಾತ್ರ ಒಂದು ಮಾತು ಹೇಳಬೇಕಾಗಿದೆ.

‘ಟಿಕ್’ ಕೇಳಿಸದಿದ್ದರೆ ಸೊಲೆನಾಯ್ಡಿನ ಪ್ಲಗ್ ಬಳಿ ವಿದ್ಯುತ್ ಬರುತ್ತಿದೆಯೇ ಎಂದು ನೋಡಬೇಕು. ಇಲ್ಲಿ ಮೀಟರಿಗಿಂತ ಹಳೆಯ ಕಾಲದ ಟೆಸ್ಟ್ ಲ್ಯಾಂಪ್ ಮೇಲು. ಇಲಿ ಕಡಿದು ಒಂದೇ ಎಳೆಯಲ್ಲಿ ನೇತಾಡುತ್ತಿರುವ ವೈರಿನಲ್ಲೂ ಮೀಟರ್ 12 ವೋಲ್ಟ್ ತೋರಿಸುತ್ತದೆ, ಏಕೆಂದರೆ ಮೀಟರ್ ಎಳೆಯುವ ವಿದ್ಯುತ್ ನಗಣ್ಯ. ಬಲ್ಬಿನ ಟೆಸ್ಟ್ ಲ್ಯಾಂಪ್ ಭಾರ ಹೇರುವುದರಿಂದ ಸುಳ್ಳು ಹೊರಬೀಳುತ್ತದೆ. ಮಳೆಗಾಲದಲ್ಲಿ ಕಾರ್ಪೆಟ್ ತಿಂಗಳುಗಟ್ಟಲೆ ಒದ್ದೆ ಇರುವ ನಿಮ್ಮ ಕಡೆ ಪ್ಲಗ್ಗಿನ ಪಿನ್ನುಗಳು ಹಸಿರು ಹಿಡಿದಿರುವುದೂ ಸಾಮಾನ್ಯ. ಲ್ಯಾಂಪ್ ಚೆನ್ನಾಗಿ ಹತ್ತಿ, ಸೊಲೆನಾಯ್ಡಿನ ಸುರುಳಿ ಮೀಟರಿನಲ್ಲಿ ಪೂರ್ತಿ ತುಂಡಾಗಿ ಕಂಡರೆ, ಆಗ ಸೊಲೆನಾಯ್ಡ್ ಬದಲಿಸಿ. ಅದು ಬಿಡಿಯಾಗಿ ಸಿಗದ ಮಾದರಿಯಾಗಿದ್ದರೆ ಮಾತ್ರ ಲಿವರ್ ಅಸೆಂಬ್ಲಿಯ ಮಾತು ಎತ್ತಬಹುದು. ಸರ್ವಿಸ್ ಸೆಂಟರಿನವರು ಕೊನೆಯ ಮೆಟ್ಟಿಲಿನಿಂದ ಹತ್ತಲು ಹೊರಟಿದ್ದಾರೆ.

ದಾರಿಯಲ್ಲಿ ಸಿಕ್ಕಿಹಾಕಿಕೊಂಡರೆ ಏನು ಮಾಡಬೇಕು? ಲಿವರಿನ ಪಕ್ಕ, ಬಹುತೇಕ ಕಾರುಗಳಲ್ಲಿ, ಉಗುರಿನಷ್ಟಗಲದ ಮುಚ್ಚಳವೊಂದಿರುತ್ತದೆ; ಕೆಲವು ಕಾರುಗಳಲ್ಲಿ ಅದರ ಮೇಲೆ ಶಿಫ್ಟ್ ಲಾಕ್ ಎಂದು ಬರೆದಿರುತ್ತದೆ. ಹ್ಯಾಂಡ್ ಬ್ರೇಕ್ ಪೂರ್ತಿ ಎಳೆದು, ಇಳಿಜಾರಾದರೆ ಚಕ್ರಕ್ಕೆ ಕಲ್ಲು ಕೊಟ್ಟು, ಕಾಲನ್ನು ಬ್ರೇಕಿನ ಮೇಲೆಯೇ ಇಟ್ಟುಕೊಂಡು ಮುಚ್ಚಳ ತೆಗೆದು, ಸ್ಕ್ರೂಡ್ರೈವರಿನಿಂದ ಒಳಗಿನ ಪಟ್ಟಿಯನ್ನು ಒತ್ತಿ ಹಿಡಿದು ಲಿವರನ್ನು ‘ಎನ್’ಗೆ ತರಬಹುದು. ಲಿವರಿನ ಬದಲು ಬಟನ್ ಅಥವಾ ತಿರುಗಣೆ ಇರುವ ಕಾರುಗಳಲ್ಲಿ ವಿಧಾನ ಬೇರೆ, ಮಾಲೀಕರ ಕೈಪಿಡಿಯನ್ನೇ ನೋಡಬೇಕು. ಮುಂದಿನ ಚಕ್ರ ಎಳೆಯುವ ಆಟೊಮ್ಯಾಟಿಕ್ ಕಾರು ‘ಪಿ’ಯಲ್ಲಿ ಸಿಕ್ಕಿಕೊಂಡಿರುವಾಗ ಹಗ್ಗ ಕಟ್ಟಿ ಎಳೆಸಲೇಬೇಡಿ, ನಾಲ್ಕೂ ಚಕ್ರ ಮೇಲೇರಿಸುವ ಲಾರಿಯನ್ನೇ ಕರೆಸಿ.

ಮುಚ್ಚಳದ ಒಳಗಿನ ಆ ಪಟ್ಟಿಯನ್ನು ಶಾಶ್ವತವಾಗಿ ಒತ್ತಿಟ್ಟು, ಅಥವಾ ಅಗುಳಿಯನ್ನೇ ಕಿತ್ತು, ‘ಇನ್ನು ತೊಂದರೆ ಇಲ್ಲ ಬಿಡಿ ಸಾರ್’ ಎನ್ನುವವರು ಸಿಗುತ್ತಾರೆ. ಒಪ್ಪಬೇಡಿ. 1980ರ ದಶಕದಲ್ಲಿ ಅಮೆರಿಕದಲ್ಲಿ ಆಡಿ 5000 ಕಾರುಗಳು ತಾವಾಗಿಯೇ ನುಗ್ಗುತ್ತವೆ ಎಂಬ ದೂರುಗಳು ಎದ್ದಾಗ ಆ ಕಂಪನಿ ಹಳೆಯ ಕಾರುಗಳಿಗೂ ಈ ಲಾಕನ್ನು ಅಳವಡಿಸಿಕೊಟ್ಟಿತು. ಅಲ್ಲಿನ ಹೆದ್ದಾರಿ ಸುರಕ್ಷತಾ ಸಂಸ್ಥೆ 1989ರ ಅಧ್ಯಯನದಲ್ಲಿ, ಕಾರಿನಲ್ಲಿ ದೋಷ ಕಾಣದ ಇಂಥ ಪ್ರಕರಣಗಳಿಗೆ ಚಾಲಕರು ಬ್ರೇಕಿನ ಬದಲು ಆಕ್ಸಿಲರೇಟರ್ ತುಳಿದಿರುವುದೇ ಸಂಭವನೀಯ ಕಾರಣ ಎಂದಿತು. ಮಕ್ಕಳು ಆಟವಾಡುತ್ತಾ ಲಿವರ್ ಎಳೆದು ಕಾರು ಉರುಳಿಬಿಡುವ ಅಪಾಯವನ್ನು ಕಂಡು, 2010ರ ಸೆಪ್ಟೆಂಬರ್ 1ರಿಂದ ಅಲ್ಲಿನ ಮಾರಾಟಕ್ಕೆಂದು ತಯಾರಾಗುವ ‘ಪಿ’ ಸ್ಥಾನದ ಹಗುರ ವಾಹನಗಳಿಗೆಲ್ಲ ಬ್ರೇಕಿಗೆ ಜೋಡಿಸಿದ ಲಾಕ್ ಕಡ್ಡಾಯವಾಯಿತು. ನಿಮ್ಮ ಅಂಗಳ ಇಳಿಜಾರು ಎಂದು ನೀವೇ ಬರೆದಿದ್ದೀರಿ.

ಇದನ್ನು ಓದುತ್ತಿರುವ ಎಎಂಟಿ (ಮ್ಯಾನ್ಯುಯಲ್ ಗೇರ್‌ಬಾಕ್ಸಿನ ಗೇರುಗಳನ್ನು ಯಂತ್ರವೇ ಬದಲಿಸುವ) ಕಾರಿನವರಿಗೆ ಒಂದು ಸಾಲು. 2014ರ ಮಾರುತಿ ಸೆಲೆರಿಯೊದಿಂದ ನಮ್ಮಲ್ಲಿ ಜನಪ್ರಿಯವಾದ ಈ ಬಗೆಯ ಬಹುಪಾಲು ಕಾರುಗಳಲ್ಲಿ ‘ಪಿ’ ಇರುವುದೇ ಇಲ್ಲ, ಆದ್ದರಿಂದ ಈ ಅಗುಳಿಯ ತೊಂದರೆಯೂ ಇಲ್ಲ. ಆದರೆ ಬ್ರೇಕ್ ಸ್ವಿಚ್ ಕೆಟ್ಟರೆ ಅವೂ ಸ್ಟಾರ್ಟ್ ಆಗದೆ, ಗೇರಿಗೆ ಬೀಳದೆ ಕಾಡುತ್ತವೆ.

ಕೊನೆಗೆ, ನಿಮ್ಮ ಪತ್ರದಲ್ಲಿ ನನಗೆ ಲಿವರಿಗಿಂತ ಹೆಚ್ಚು ಆತಂಕ ಹುಟ್ಟಿಸಿದ ಮಾತು ‘ಗೇರ್ ಆಯಿಲ್ ಬದಲಿಸಿದರು’ ಎಂಬುದು. ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕುವುದು ಎಟಿಎಫ್ ಎಂಬ ತೆಳುವಾದ, ಆ ಗೇರ್‌ಬಾಕ್ಸಿಗೆಂದೇ ನಿಗದಿಯಾದ ದ್ರವ. ಮ್ಯಾನ್ಯುಯಲ್ ಕಾರಿನ ಗೇರ್ ಆಯಿಲ್ ಅಲ್ಲ. ಅಳತೆಗೋಲು ಇಲ್ಲದ ಇಂದಿನ ಗೇರ್‌ಬಾಕ್ಸುಗಳಲ್ಲಿ ಅದರ ಮಟ್ಟವನ್ನು ಎಂಜಿನ್ ಓಡುತ್ತಿರುವಾಗ, ದ್ರವ ನಿಗದಿತ ಉಷ್ಣಾಂಶಕ್ಕೆ ಬಂದ ಮೇಲೆ ನೋಡಬೇಕಾಗುತ್ತದೆ. ಮೆಕ್ಯಾನಿಕ್ಕಿನ ಬಳಿ ಹೋಗಿ, ಹಾಕಿದ ಡಬ್ಬಿ ಅಥವಾ ಬಿಲ್ ತೋರಿಸಲು ಕೇಳಿ, ಅದರ ಮೇಲಿನ ಗ್ರೇಡನ್ನು ನಿಮ್ಮ ಕೈಪಿಡಿಯಲ್ಲಿರುವುದರೊಂದಿಗೆ ಹೋಲಿಸಿ ನೋಡಿ. ಹೊಂದದಿದ್ದರೆ ಬ್ರೇಕ್ ಸ್ವಿಚ್ಚಿಗೂ ಮುಂಚೆ ಅದನ್ನು ಸರಿಪಡಿಸಬೇಕು. ಅಲ್ಲಿಯವರೆಗೆ ಕಾರನ್ನು ಓಡಿಸಬೇಡಿ.